ಹುಳು ತಿಂದ ಎಲೆ, ಬೆಳ್ಳಿಯ ಓಲೆ

ಓಲೆ, ಪದಕಗಳಿಗೆ ನಾನು ಹುಡುಕಿ ತರುವುದು ಹುಳು ತಿಂದ ಎಲೆಗಳನ್ನೇ. ಎಲೆಯನ್ನು ಬೆಳ್ಳಿಯ ತಗಡಿನ ಮೇಲಿಟ್ಟು, ಎರಡು ಉಕ್ಕಿನ ರೋಲರ್‌ಗಳ ನಡುವೆ ಹಾಯಿಸಿ, ಅದರ ಅಚ್ಚನ್ನು ಬೆಳ್ಳಿಗೆ ಒತ್ತುತ್ತೇನೆ. ನಮ್ಮ ಒಡವೆಗಳಲ್ಲಿ ಕಾಯಿ, ಕಾಳು, ಹೂವುಗಳಿಗೆ ಎಂದೂ ಬರವಿಲ್ಲ: ಬೋರಮಾಳ, ಅವಲಕ್ಕಿ ಸರ, ಮಲ್ಲಿಗೆ ಮೊಗ್ಗಿನ ಸರ. ಅಲ್ಲಿ ಗುಂಡಿಗೆ ಗುಂಡು, ಮೊಗ್ಗಿಗೆ ಮೊಗ್ಗು ಸರಿಸಮನಾಗಿರಬೇಕು. ಆ ಕೆಲಸದ ಸೊಗಸೇ ಅದು. ನನಗೆ ಬೇಕಾದದ್ದು ಒಂದೇ ಒಂದು ಎಲೆ, ಅದರ ತೂತು, ಸೊಟ್ಟ ಅಂಚುಗಳ ಸಮೇತ.

ಹಸಿ ಎಲೆ ಒಗ್ಗುವುದಿಲ್ಲ. ರಸ ಒಸರಿ ಜಾರುತ್ತದೆ, ತೇವ ತಾಗಿದ ಉಕ್ಕಿನ ರೋಲರ್‌ ತುಕ್ಕು ಹಿಡಿಯುತ್ತದೆ. ಹಳೆಯ ಪತ್ರಿಕೆಗಳ ನಡುವೆ ಭಾರ ಹೇರಿ ಗರಿಗರಿಯಾಗಿ ಒಣಗಿಸುತ್ತೇನೆ. ಅರಳಿ ಎಲೆಯಾದರೆ ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ತಿರುಳನ್ನು ಮೆತ್ತನೆಯ ಬ್ರಷ್‌ನಿಂದ ತೊಳೆದು ನರಗಳ ಬಲೆಯನ್ನಷ್ಟೇ ಉಳಿಸಿಕೊಳ್ಳುತ್ತೇನೆ.

ನಾನು ಬಳಸುವುದು 92.5 ಪಾಲು ಬೆಳ್ಳಿಗೆ 7.5 ಪಾಲು ತಾಮ್ರ ಬೆರೆತ ತಗಡು. ಕಾಯಿಸಿ ಮೆದು ಮಾಡದ ಹೊರತು ಅದು ಎಲೆಯ ನರವನ್ನು ಒಪ್ಪಿಕೊಳ್ಳದು. ಮಂಕಾದ ಕೆಂಪು ಬಂದೊಡನೆ ಉರಿ ತೆಗೆಯಬೇಕು. ಬಿಸಿಲಿನಲ್ಲಿ ಆ ಬಣ್ಣ ಕಣ್ಣಿಗೆ ಸಿಗುವುದಿಲ್ಲ, ಹಾಗಾಗಿ ಮಬ್ಬು ಬೆಳಕಿನಲ್ಲೇ ಕಾಯಿಸುತ್ತೇನೆ. ನೀರಿಗೆ ಅದ್ದಿ, ಹುಣಸೆ ಹುಳಿಯಲ್ಲಿ ಕಪ್ಪು ಬಿಡಿಸಿ, ಚೆನ್ನಾಗಿ ಒರೆಸಿದ ಮೇಲೆ ಎಲೆಯ ಬೆನ್ನು ಬೆಳ್ಳಿಗೆ ತಾಗುವಂತೆ ಇಡುತ್ತೇನೆ, ಏಕೆಂದರೆ ನರಗಳು ಎದ್ದಿರುವುದು ಬೆನ್ನಿನ ಕಡೆ. ಮೇಲೊಂದು ಗಟ್ಟಿ ಹಿತ್ತಾಳೆ ತಗಡು. ರೋಲರ್‌ಗಳ ನಡುವೆ ಒಂದೇ ಸಲ ಹಾಯಿಸಬೇಕು; ಎರಡನೆಯ ಸಲಕ್ಕೆ ಗುರುತು ಕದಡುತ್ತದೆ. ಬೆಳ್ಳಿ ಉದ್ದಕ್ಕೆ ಹಿಗ್ಗುವುದರಿಂದ ಎಲೆಯ ಚಿತ್ರವೂ ತುಸು ನೀಳವಾಗುತ್ತದೆ. ಎಲೆಯಂತೂ ನುಚ್ಚಾಗುತ್ತದೆ, ಅದೇ ಪದಕ ಮತ್ತೊಮ್ಮೆ ಬರುವುದಿಲ್ಲ.

ಹುಳುವಿನ ತೂತು ಇಲ್ಲಿ ತೂತಾಗಿ ಮೂಡುವುದಿಲ್ಲ. ಎಲೆಯಿಲ್ಲದ ಕಡೆ ಬೆಳ್ಳಿ ತಗ್ಗದೆ ಹಾಗೆಯೇ ನಿಲ್ಲುತ್ತದೆ. ಗಂಧಕದ ದ್ರಾವಣದಲ್ಲಿ ಕಪ್ಪಾಗಿಸಿ, ಅಂಟುವಾಳದ ನೊರೆ ಹಾಕಿ ಹಿತ್ತಾಳೆ ಬ್ರಷ್‌ನಿಂದ ಉಜ್ಜಿದಾಗ ನರಗಳ ಗೆರೆಗಳಲ್ಲಿ ಕಪ್ಪು ಕೂರುತ್ತದೆ, ಹುಳು ತಿಂದ ಜಾಗವೇ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ. ಆ ಹೊಳಪಿಗಾಗಿಯೇ ನಾನು ಈ ಕೆಲಸ ಮಾಡುವುದು.

ಒರಟು ಅಂಚು, ಅರ ತಾಗದ ಚೂಪು, ಸಡಿಲ ಬೆಸುಗೆಗಳನ್ನು ‘ಸಹಜ’ವೆಂದು ಮಾರುವುದನ್ನು ನಾನು ಒಪ್ಪುವುದಿಲ್ಲ. ಕುಂದು ಎಲೆಯದಾಗಿರಬೇಕು, ಕೈಕೆಲಸದ್ದಲ್ಲ. ಸೊಟ್ಟ ಅಂಚನ್ನು ಸೊಟ್ಟವಾಗಿಯೇ ಕತ್ತರಿಸಿ, ಸೀರೆಯ ಎಳೆ ಸಿಕ್ಕದಷ್ಟು ನುಣುಪಾಗಿ ಅರ ಹಾಕುತ್ತೇನೆ. ಜೋಡಿ ಓಲೆಗೆ ಒಂದೇ ಕೊಂಬೆಯ ಅಕ್ಕಪಕ್ಕದ ಎಲೆಗಳನ್ನು ತೆಗೆದುಕೊಳ್ಳುತ್ತೇನೆ. ಎರಡೂ ತದ್ರೂಪವಾಗಿರುವುದಿಲ್ಲ, ತೂಕ ಮಾತ್ರ ಸಮವಿರಬೇಕು, ಇಲ್ಲವಾದರೆ ಒಂದು ಕಿವಿ ಜಗ್ಗುತ್ತದೆ.

ಕೊಂಡವರಿಗೆ ಒಂದೇ ಕೋರಿಕೆ: ಬೂದಿ, ಹಲ್ಲುಪುಡಿ ಹಾಕಿ ತಿಕ್ಕಬೇಡಿ. ನರಗಳಲ್ಲಿ ಕೂತ ಕಪ್ಪು ಹೋದರೆ ಎಲೆಯೇ ಅಳಿಸಿದಂತೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.