ಬಾಟಲಿ ಒಡೆಯುವ ಜಾದೂ: ಕಡಿಮೆ ಖರ್ಚಿನಲ್ಲಿ ಕಲಿಯುವುದು ಹೇಗೆ?

ಜಾದೂಗಾರ ಬಾಟಲಿಯನ್ನು ಮೇಜಿಗೆ ಬಡಿದು ಪುಡಿ ಮಾಡಿದ್ದನ್ನು ನೋಡಿದ ಮಕ್ಕಳು ಮನೆಗೆ ಬಂದವರೇ ಹುಡುಕುವುದು ಖಾಲಿ ಗಾಜಿನ ಬಾಟಲಿಯನ್ನು. ಮೊದಲು ಅದನ್ನು ಅವರ ಕೈಯಿಂದ ತೆಗೆದಿಡಿ.

ನೀರು ತುಂಬಿದ ಬಾಟಲಿಯ ಬಾಯಿಗೆ ಅಂಗೈಯಿಂದ ಗುದ್ದಿ ತಳ ಹಾರಿಸುವ ವಿದ್ಯೆಗೆ ಪೈಸೆ ಖರ್ಚಿಲ್ಲ, ನಿಜ. ಬಾಟಲಿ ತಟ್ಟನೆ ಕೆಳಗೆ ಸರಿದಾಗ ತಳದಲ್ಲಿ ಗುಳ್ಳೆಗಳು ಹುಟ್ಟಿ, ಮರುಕ್ಷಣವೇ ಕುಸಿಯುತ್ತವೆ. ಆ ಹೊಡೆತಕ್ಕೆ ಗಾಜು ಸೀಳುತ್ತದೆ. ಆದರೆ ಒಮ್ಮೊಮ್ಮೆ ಒಡೆಯುವುದು ತಳವಲ್ಲ, ಅಂಗೈ ಕೆಳಗಿನ ಕತ್ತು. ಕಲಿಯುವವರಿಗೆ ಇದು ಬೇಡವೇ ಬೇಡ. ಸಿನಿಮಾದವರು ಬಳಸುವ ರಾಳದ ಬಾಟಲಿ ಕೊಳ್ಳಬಹುದು, ಆದರೆ ಒಂದು ಸಲ ಒಡೆದರೆ ಅದು ಮುಗಿಯಿತು.

ನನ್ನ ಆಯ್ಕೆ ಸಕ್ಕರೆ ಬಾಟಲಿ. ಕೊಳ್ಳಬೇಕಾದ ದೊಡ್ಡ ವಸ್ತುವೆಂದರೆ ಎರಡು ಹೋಳಿನ ಸಿಲಿಕೋನ್ ಅಚ್ಚು ಮಾತ್ರ. ಅದು ಮತ್ತೆ ಮತ್ತೆ ಬಳಕೆಗೆ ಬರುತ್ತದೆ.

2 ಲೋಟ ಸಕ್ಕರೆ, 1 ಲೋಟ ನೀರು, ಅರ್ಧ ಲೋಟ ದ್ರವ ಗ್ಲೂಕೋಸ್ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ. ಗ್ಲೂಕೋಸ್ ಇಲ್ಲದಿದ್ದರೆ ಪಾಕ ಹರಳುಗಟ್ಟಿ ಮಬ್ಬಾಗುತ್ತದೆ. ಪಾಕ ಸುಮಾರು 150 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲವೇ? ತಣ್ಣೀರಿಗೆ ಒಂದು ಹನಿ ಬಿಡಿ. ಬಾಗದೆ ‘ಟಕ್’ ಎಂದು ಮುರಿದರೆ ಹದ ಬಂದಿದೆ. ಇನ್ನೂ ಕಾಯಿಸಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಹನಿ ಹಸಿರು ಬಣ್ಣ ಸೇರಿಸಿ, ಅಚ್ಚಿಗೆ ಹೊಯ್ದು, ಒಳಗೋಡೆಗೆಲ್ಲ ಅಂಟುವಂತೆ ತಿರುಗಿಸಿ, ಮಿಕ್ಕಿದ್ದನ್ನು ಬಸಿದುಬಿಡಿ. ಈ ಕೆಲಸ ದೊಡ್ಡವರದು. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಕುದಿನೀರಿಗಿಂತ ಕೆಟ್ಟದು.

ಕೊಡಗಿನವರಿಗೆ ಇನ್ನೊಂದು ತೊಡಕಿದೆ. ಸಕ್ಕರೆ ಗಾಜು ಗಾಳಿಯ ತೇವ ಹೀರುತ್ತದೆ. ಡಬ್ಬದೊಳಗಿನ ಉಪ್ಪೇ ನೀರೊಡೆಯುವ ಆಟಿ ಮಳೆಯಲ್ಲಿ ಮಡಿಕೇರಿಯ ನಮ್ಮ ಮನೆಯಲ್ಲಿ ಮಾಡಿದ ಮೊದಲ ಬಾಟಲಿ ಸಂಜೆಯೊಳಗೆ ಅಂಟಂಟಾಗಿ ಬಾಗಿತ್ತು. ಹುತ್ತರಿ ಕಳೆದ ಒಣ ದಿನಗಳಲ್ಲಿ ಮಾಡಿ. ಪ್ರದರ್ಶನದ ದಿನವೇ ಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಅಭ್ಯಾಸಕ್ಕೆ ಪ್ಲಾಸ್ಟಿಕ್ ಬಾಟಲಿ ಸಾಕು. ಜಾದೂ ಇರುವುದು ಒಡೆಯುವುದರಲ್ಲಲ್ಲ, ಬದಲಾಯಿಸುವುದರಲ್ಲಿ. ನಿಜವಾದ ಬಾಟಲಿಗೆ ಚಮಚದಿಂದ ತಟ್ಟಿ ‘ಠಣ್’ ಕೇಳಿಸಿ, ಬಟ್ಟೆಯ ಮರೆಯಲ್ಲಿ ಸಕ್ಕರೆ ಬಾಟಲಿ ಕೈಗೆ ತಂದುಕೊಳ್ಳಿ. ಆಮೇಲೆ ಮಾತ್ರ ಅದಕ್ಕೆ ಚಮಚ ತಾಗಿಸಬೇಡಿ, ಅದು ಠಣ್ ಎನ್ನುವುದಿಲ್ಲ. ಕನ್ನಡಿ ಮುಂದೆ ಕೈ ಸಲೀಸಾಗುವವರೆಗೆ ಪಾಕಕ್ಕೆ ಒಲೆ ಹಚ್ಚಬೇಡಿ.

ಯಾರ ತಲೆಗೂ ಬಡಿಯಬೇಡಿ. ಸಕ್ಕರೆ ಚೂರಿಗೂ ಅಂಚಿರುತ್ತದೆ, ಕಣ್ಣಿಗೆ ಸಿಡಿಯಬಹುದು. ತಟ್ಟೆಯ ಮೇಲೆ ಒಡೆದು, ಕೂಡಲೇ ಗುಡಿಸಿ, ಜಾಗವನ್ನು ಬಿಸಿನೀರಲ್ಲಿ ಒರೆಸಿ. ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಇರುವೆ ಸಾಲು ಹತ್ತುತ್ತದೆ.