‘ಮರ್ಯಾದೆಯಾಗಿ’: ಕಥೆಯಲ್ಲಿ ಈ ಪದ ಬಳಸೋದು ಹೇಗೆ?

ಹೋದ ವಾರ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ದುಡ್ಡು ಕೊಡದೆ ಜಾರಿಕೊಳ್ಳುತ್ತಿದ್ದ ಹುಡುಗನಿಗೆ ಸೊಪ್ಪಿನ ಅಜ್ಜಿ, ‘ಮರ್ವಾದೇಲಿ ದುಡ್ಡು ಮಡಗಿ ಹೋಗ್ಲಾ’ ಅಂದರು. ಎರಡು ನಿಮಿಷ ಕಳೆಯಲಿಲ್ಲ, ಪಕ್ಕದವರ ಹತ್ತಿರ, ‘ನನ್ ಅಳಿಯ ಮಾತ್ರ ಮರ್ವಾದೆಯಾಗಿ ನೋಡ್ಕೋತಾನೆ ಕಣವ್ವ’ ಅಂತ ಹೇಳುತ್ತಿದ್ದರು. ಪದ ಅದೇ. ಮೊದಲನೆಯದು ಬೆದರಿಕೆ, ಎರಡನೆಯದು ಮೆಚ್ಚುಗೆ.

ಹಾಗಾಗಿ ಬರೆಯುವಾಗ ಮೊದಲು ಕ್ರಿಯಾಪದ ನೋಡಿ. ಕೊಡು, ಬಾ, ಹೋಗು ಅನ್ನೋ ಅಪ್ಪಣೆ ಜೊತೆ ಬಂದರೆ ‘ಮರ್ಯಾದೆಯಾಗಿ’ ಹೆಚ್ಚಾಗಿ ಗದರಿಕೆಯೇ. ‘ಇಲ್ಲದಿದ್ರೆ ನೋಡು’ ಅನ್ನೋ ಮಾತು ಅದರೊಳಗೇ ಇರುತ್ತದೆ, ನೀವು ಮತ್ತೆ ಅದನ್ನು ಬರೆದರೆ ಗದರಿಕೆ ಸಪ್ಪೆಯಾಗುತ್ತದೆ. ನೋಡಿಕೊಂಡ, ಕಳಿಸಿಕೊಟ್ಟ, ಬದುಕಿದ ಅನ್ನೋದರ ಜೊತೆ ಬಂದರೆ ನಡತೆಯ ಮಾತು.

ಸಂಸ್ಕೃತದ ‘ಮರ್ಯಾದಾ’ ಅಂದರೆ ಎಲ್ಲೆ, ಗಡಿ, ಸಮುದ್ರದ ದಡ ಅಂತಲೂ ಇದೆ. ಅಜ್ಜಿಯ ಮಾತಿನಲ್ಲಿ ನನಗೆ ಕೇಳಿಸಿದ್ದು ಆ ಹಳೇ ಅರ್ಥವೇ: ಗೆರೆ ದಾಟಬೇಡ ಅಂತ.

‘ಸಭ್ಯವಾಗಿ’ ಬೇರೆ ಜಾತಿ. ಸಭೆಗೆ ತಕ್ಕವನು ಸಭ್ಯ, ಪದವೂ ಹಾಗೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿರುತ್ತದೆ. ಆ ಅಜ್ಜಿ ಬಾಯಲ್ಲಿ ‘ಸಭ್ಯವಾಗಿ ದುಡ್ಡು ಮಡಗು’ ಅನ್ನಿಸಿ ನೋಡಿ, ನಗು ಬರುತ್ತೆ ಅಲ್ವಾ? ‘ಡೀಸೆಂಟಾಗಿ’ ಅನ್ನೋದು ಜಾಸ್ತಿ ಬಟ್ಟೆಬರೆ, ತೋರಿಕೆಗೆ. ಕಾಲೇಜು ಹುಡುಗರ ಮಾತಿಗೆ ಧಾರಾಳವಾಗಿ ಬಳಸಿ.

ಇನ್ನು ನಿರೂಪಣೆ. ಎಲ್ಲರೂ ಎಡವೋದು ಇಲ್ಲೇ, ನಾನೂ ಎಡವಿದ್ದೇನೆ. ಒಂದು ಕಥೆಯಲ್ಲಿ ‘ಅವನು ಮಾವನ ಜೊತೆ ಮರ್ಯಾದೆಯಿಂದ ನಡೆದುಕೊಂಡ’ ಅಂತ ಬರೆದಿದ್ದೆ. ಓದಿದರೆ ಕಣ್ಣ ಮುಂದೆ ಏನೂ ಬರಲ್ಲ. ಸಕಲೇಶಪುರದ ಕಡೆ ತೋಟದಲ್ಲಿ ನೋಡಿದ್ದು ನೆನಪಾಗಿ ಹೀಗೆ ತಿದ್ದಿದೆ: ‘ಮಾವ ಗೇಟು ತೆಗೆದ ಸದ್ದಿಗೆ ಅವನು ಮೇಲೆತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟು, ಬೀಡಿ ಕಾಲಡಿ ಹೊಸಕಿ, ಎದ್ದು ನಿಂತ.’ ಮರ್ಯಾದೆ ಅನ್ನೋ ಪದವೇ ಬೇಕಾಗಲಿಲ್ಲ.

ಹಾಗಂತ ಕಂಡಲ್ಲೆಲ್ಲ ಕಿತ್ತು ಹಾಕಬೇಡಿ. ಕುಟುಕಬೇಕಾದಾಗ ಇದರಂಥ ಪದ ಇನ್ನೊಂದಿಲ್ಲ. ‘ಸಾಹೇಬರು ಲಂಚವನ್ನು ಮರ್ಯಾದೆಯಾಗಿ ಎರಡೂ ಕೈಯಲ್ಲಿ ಇಸ್ಕೊಂಡು ಕಣ್ಣಿಗೊತ್ತಿಕೊಂಡರು.’ ಇದರಿಂದ ‘ಮರ್ಯಾದೆಯಾಗಿ’ ತೆಗೆದು ಇನ್ನೊಮ್ಮೆ ಓದಿ, ಏನು ಹೋಯಿತು ಅಂತ ಗೊತ್ತಾಗುತ್ತದೆ.