ಮೆಕ್ಕೆಜೋಳದ ಪಟ್ಟಿ ಬರೆಯಲು ಎಕ್ಸೆಲ್ ಜೊತೆ ಪೈಥಾನ್

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸುಗ್ಗಿ ಬಂದರೆ ಸಂಜೆಯೊಳಗೆ ರಾಶಿ ರಾಶಿ ಪಟ್ಟಿ, ಅಂದರೆ ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ, ಆಗಬೇಕು. ಹೆಸರು, ಊರು, ಚೀಲ, ತೂಕ, ದರ, ಹಮಾಲಿ ಎಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿರುತ್ತದೆ. ಮೊದಲೆಲ್ಲ ಒಂದೊಂದೇ ಸಾಲನ್ನು ಪಟ್ಟಿ ಹಾಳೆಗೆ ಕಾಪಿ ಮಾಡಿ ಪ್ರಿಂಟ್ ಕೊಡುತ್ತಿದ್ದೆ. ಜಗಳೂರು ಕಡೆಯ ರೈತರು ಬಸ್ ತಪ್ಪೀತು ಅಂತ ಬಾಗಿಲಲ್ಲೇ ನಿಂತಿರುತ್ತಿದ್ದರು. ಅವರನ್ನು ಕಾಯಿಸೋದು ನನಗೆ ತುಂಬಾ ಕಷ್ಟವಾಗುತ್ತಿತ್ತು. ಈಗ ಆ ಕೆಲಸವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್, ಅಂದರೆ ಆದೇಶಗಳ ಫೈಲ್, ಮಾಡುತ್ತದೆ.

ಇದಕ್ಕೆ ಆಧಾರ ವಿಂಡೋಸ್‌ನ 'ಕಾಮ್', ಅಂದರೆ ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್. 1993ರಿಂದ ಇರುವ ವ್ಯವಸ್ಥೆ. ಒಂದು ಪ್ರೋಗ್ರಾಂ ತನ್ನ ಆಬ್ಜೆಕ್ಟ್‌ಗಳನ್ನು, ಅಂದರೆ ತನ್ನೊಳಗಿನ ಭಾಗಗಳನ್ನು, ಇನ್ನೊಂದರ ಕೈಗೆ ಕೊಡುವ ದಾರಿ ಇದು. ಎಕ್ಸೆಲ್ ಒಳಗೆ ವರ್ಕ್‌ಬುಕ್, ಅದರೊಳಗೆ ಶೀಟ್, ಅದರೊಳಗೆ ರೇಂಜ್, ಅಂದರೆ ಸೆಲ್‌ಗಳ ಗುಂಪು. ಊರು, ಓಣಿ, ಮನೆ ಅಂತ ವಿಳಾಸ ಹೇಳಿದ ಹಾಗೆ, ನಡುವೆ ಡಾಟ್ ಹಾಕುತ್ತಾ ಹೋಗುವುದು.

ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಇರಲೇಬೇಕು. ಪೈಥಾನ್‌ನಿಂದ ಕಾಮ್ ಬಳಸಲು ಪೈವಿನ್32 ಎಂಬ ಲೈಬ್ರರಿ ಬೇಕು, ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಪ್ ಇನ್‌ಸ್ಟಾಲ್ ಪೈವಿನ್32 (pip install pywin32) ಅಂತ ಹೊಡೆಯಿರಿ. ಸ್ಕ್ರಿಪ್ಟ್‌ನಲ್ಲಿ ವಿನ್32ಕಾಮ್ ಡಾಟ್ ಕ್ಲೈಂಟ್ (win32com.client) ಇಂಪೋರ್ಟ್ ಮಾಡಿ, 'ಎಕ್ಸೆಲ್ ಡಾಟ್ ಅಪ್ಲಿಕೇಶನ್' ಎಂಬ ಹೆಸರು ಕೊಟ್ಟು ಎಕ್ಸೆಲ್ ಶುರು ಮಾಡುವ ಡಿಸ್ಪ್ಯಾಚ್‌ಎಕ್ಸ್ (DispatchEx) ಕರೆಯಿರಿ. ಬರೀ ಡಿಸ್ಪ್ಯಾಚ್ ಬೇಡ. ಅದು ಆಗಲೇ ತೆರೆದಿರುವ ಎಕ್ಸೆಲ್ ಅನ್ನೇ ಹಿಡಿದುಕೊಳ್ಳಬಹುದು. ಸಾಹುಕಾರರು ಅದೇ ಕಂಪ್ಯೂಟರ್‌ನಲ್ಲಿ ಬಾಕಿ ಲೆಕ್ಕ ತೆರೆದಿಟ್ಟಿದ್ದರೆ, ನಮ್ಮ ಸ್ಕ್ರಿಪ್ಟ್ ಮುಗಿಸುವಾಗ ಅವರದೂ ಮುಚ್ಚಿಹೋಗುತ್ತದೆ. ಎಕ್ಸ್ ಇರುವುದು ಹೊಸದಾಗಿ ಬೇರೆಯೇ ಒಂದನ್ನು ಶುರು ಮಾಡುತ್ತದೆ.

ಕಲಿಯುವಾಗ ವಿಸಿಬಲ್ ಅನ್ನು ಟ್ರೂ ಮಾಡಿ, ನಡೆಯುವುದು ಕಣ್ಣಿಗೆ ಕಾಣಲಿ. ಆದರೆ ಆ ಕಿಟಕಿಯಲ್ಲಿ ಸೆಲ್ ಒತ್ತಿ ಏನೂ ಬರೆಯಬೇಡಿ. ಬರೆಯುತ್ತಿದ್ದರೆ ಎಕ್ಸೆಲ್ ನಮ್ಮ ಕರೆಯನ್ನು ವಾಪಸ್ ಕಳಿಸುತ್ತದೆ, ಮೈನಸ್ 2147418111 ಎಂಬ ಎರರ್ ಬರುತ್ತದೆ. ಫೈಲ್ ತೆರೆಯುವಾಗ ಡ್ರೈವ್‌ನಿಂದ ಹಿಡಿದು ಪೂರ್ತಿ ದಾರಿ ಕೊಡಿ. ಶೀಟ್‌ಗಳ ಎಣಿಕೆ ಇಲ್ಲಿ ಸೊನ್ನೆಯಿಂದ ಅಲ್ಲ, 1ರಿಂದ.

ಈಗ ಮುಖ್ಯ ವಿಷಯ. ಎಕ್ಸೆಲ್ ಬೇರೆ ಪ್ರೋಗ್ರಾಂ, ಪೈಥಾನ್ ಬೇರೆ. ಒಂದು ಸೆಲ್ ಕೇಳಿದರೂ ಅಲ್ಲಿಗೆ ಹೋಗಿ ಬರಬೇಕು. ಒಂದೊಂದೇ ಸೆಲ್ ಓದುವುದು ಅಂದರೆ ಚೀಲ ಬಿಚ್ಚಿ ಬೊಗಸೆ ಬೊಗಸೆ ಕಾಳು ಹೊತ್ತ ಹಾಗೆ. ಚೀಲವನ್ನೇ ಎತ್ತಿಕೊಂಡು ಬರಬೇಕು ಅಲ್ವಾ? ಎ2ರಿಂದ ಜಿ200ರವರೆಗೆ ಒಂದೇ ರೇಂಜ್ ಮಾಡಿ ಅದರ ವ್ಯಾಲ್ಯೂ ಕೇಳಿ. ಸಾಲುಗಳೆಲ್ಲ ಟ್ಯೂಪಲ್ (ಪೈಥಾನ್‌ನಲ್ಲಿ ಮೌಲ್ಯಗಳ ಸರಣಿ) ಆಗಿ ಒಂದೇ ಸಲಕ್ಕೆ ಬರುತ್ತವೆ. ಖಾಲಿ ಸೆಲ್ ಇದ್ದಲ್ಲಿ 'ನನ್' (None, ಏನೂ ಇಲ್ಲ ಎಂಬ ಗುರುತು) ಇರುತ್ತದೆ, ಅಲ್ಲಿಗೆ ನಿಲ್ಲಿಸಿ. ಪಟ್ಟಿ ನಂಬರ್ 101 ಇದ್ದದ್ದು 101.0 ಆಗಿ ಬರುತ್ತದೆ, ಅದನ್ನು ಪೂರ್ಣಾಂಕ ಮಾಡುವ ಇಂಟ್ (int) ಹಾಕಿ ಸರಿಮಾಡಿ.

ಪಟ್ಟಿ ಹಾಳೆಯ ಸೂತ್ರಗಳನ್ನು ಮುಟ್ಟಬೇಡಿ. ಚೀಲ, ತೂಕ, ದರ ಮಾತ್ರ ತುಂಬಿ, ಲೆಕ್ಕ ಎಕ್ಸೆಲ್ಲೇ ಮಾಡಲಿ. ಆಮೇಲೆ ಎಕ್ಸ್‌ಪೋರ್ಟ್‌ಆ್ಯಸ್‌ಫಿಕ್ಸ್ಡ್‌ಫಾರ್ಮ್ಯಾಟ್ (ExportAsFixedFormat) ಎಂಬ ಆದೇಶಕ್ಕೆ 0 ಮತ್ತು ಫೈಲ್ ಹೆಸರು ಕೊಟ್ಟರೆ ಪಿಡಿಎಫ್ ಸಿದ್ಧ. ನಮ್ಮ ಹಾಳೆ ಹಳೆಯ ನುಡಿ ಫಾಂಟ್‌ನದ್ದು, ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಕನ್ನಡವಾಗಿ ತೋರಿಸುವಂಥದ್ದು. ಪುಟ ಬರೆಯುವುದು ಎಕ್ಸೆಲ್ಲೇ ಆದ್ದರಿಂದ ಅಕ್ಷರ ಕೆಡುವುದಿಲ್ಲ. ನಾನು ಈ ದಾರಿ ಹಿಡಿದದ್ದೇ ಇದಕ್ಕಾಗಿ. ಆದರೆ ಪೈಥಾನ್ ಕಣ್ಣಿಗೆ ಆ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಾಗಾಗಿ ಫೈಲಿಗೆ ರೈತರ ಹೆಸರು ಇಡದೆ ಪಟ್ಟಿ ನಂಬರ್ ಇಡಿ.

ಕೊನೆಗೆ ಮುಚ್ಚುವುದು. ಇದನ್ನು ನಾನು ಹಗುರವಾಗಿ ತೆಗೆದುಕೊಂಡು ಒಂದು ಸಂಜೆ ಪೂರ್ತಿ ಕಳೆದುಕೊಂಡೆ. ಸ್ಕ್ರಿಪ್ಟ್ ನಡುವೆ ಎರರ್ ಬಂದು ನಿಲ್ಲುತ್ತಿತ್ತು, ಎಕ್ಸೆಲ್ ಮಾತ್ರ ಒಳಗೇ ಉಳಿಯುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಸಾಲು ಸಾಲಾಗಿ ಎಕ್ಸೆಲ್. ಒಳಗುಳಿದ ಎಕ್ಸೆಲ್ ಹಿಡಿದಿದ್ದರಿಂದ ಫೈಲ್ ಓದಲು ಮಾತ್ರ ತೆರೆಯುತ್ತಿತ್ತು, ಸೇವ್ ಆಗುತ್ತಿರಲಿಲ್ಲ. ಹೊರಗೆ ರೈತರು ಕಾಯುತ್ತಿದ್ದರು. ಅವತ್ತಿನಿಂದ ಕೆಲಸವೆಲ್ಲ ಟ್ರೈ (try) ಒಳಗೆ ಇಡುತ್ತೇನೆ. ಎರರ್ ಬಂದರೂ ತಪ್ಪದೆ ನಡೆಯುವ ಫೈನಲಿ (finally) ಒಳಗೆ ವರ್ಕ್‌ಬುಕ್‌ಗೆ ಕ್ಲೋಸ್ ಫಾಲ್ಸ್, ಅಂದರೆ ಸೇವ್ ಮಾಡದೆ ಮುಚ್ಚು, ಎಕ್ಸೆಲ್‌ಗೆ ಕ್ವಿಟ್.

ಮೊದಲು ಫೈಲಿನ ಕಾಪಿ ಮಾಡಿಕೊಂಡು ಐದು ಸಾಲಿನಲ್ಲಿ ನೋಡಿ. ನಾನು ಮೊದಲ ವಾರ ಪ್ರತಿ ಪಟ್ಟಿಯನ್ನೂ ತೂಕದ ಚೀಟಿ ಪಕ್ಕ ಇಟ್ಟು, ಕ್ಯಾಲ್ಕುಲೇಟರ್‌ನಲ್ಲಿ ಇನ್ನೊಮ್ಮೆ ಕೂಡಿ, ತಾಳೆಯಾದ ಮೇಲೆಯೇ ರೈತರ ಕೈಗೆ ಕೊಟ್ಟೆ.